ಬೆಳಕಿನಿಂದ ತಟ್ಟಿ ನೋಡುವುದು

ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಹಾಸನದ ಕಾಲೇಜೊಂದರವರು ನನ್ನನ್ನು ಮಾತಿಗೆ ಕರೆದಿದ್ದರು. ವಿಷಯ ಅವರೇ ಕೊಟ್ಟಿದ್ದು: ಸಿ.ಎನ್.ಆರ್. ರಾವ್ ಅವರ ಸಂಶೋಧನೆ. ಮುಕ್ಕಾಲು ಗಂಟೆಯ ಮಾತು ಒಂದೂವರೆ ಗಂಟೆಯಾಯಿತು, ತಪ್ಪು ನನ್ನದೇ. ಆಡಿದ್ದನ್ನು ಬರೆದುಕೊಡಿ ಎಂದು ಕೆಲವರು ಕೇಳಿದ್ದರಿಂದ ಈ ಬರಹ. ಅಡ್ಡದಾರಿ ಹಿಡಿದ ಕಡೆ ಒಂದಷ್ಟು ಕತ್ತರಿಸಿದ್ದೇನೆ. ಎಲ್ಲವನ್ನೂ ಕತ್ತರಿಸಿಲ್ಲ.

ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟಿದ್ದೇನೆ. ಎರಡರಲ್ಲೂ ಕೆಂಪು ನೀರು. ಎಡಗಡೆಯದು ನಿಮಗೆಲ್ಲ ಗೊತ್ತಿರುವುದೇ. ಮದುಮಕ್ಕಳು ಬಾಗಿಲಿಗೆ ಬಂದಾಗ ಆರತಿ ಎತ್ತುವ ಓಕುಳಿ ನೀರು. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ, ಅಷ್ಟೇ. ಬಲಗಡೆಯದರಲ್ಲಿ ಅರಿಶಿನವೂ ಇಲ್ಲ, ಸುಣ್ಣವೂ ಇಲ್ಲ, ಬಣ್ಣದ ಪುಡಿಯೂ ಇಲ್ಲ. ಅದರಲ್ಲಿರುವುದು ಚಿನ್ನ.

ನಿಮ್ಮ ಕಿವಿಯ ಓಲೆಯಲ್ಲಿ ಇದೆಯಲ್ಲ, ಅದೇ ಚಿನ್ನ. ಓಲೆ ಹಳದಿ, ಈ ನೀರು ಕೆಂಪು.

ಈಗ ಓಕುಳಿ ನೀರಿಗೆ ನಿಂಬೆಹಣ್ಣು ಹಿಂಡುತ್ತೇನೆ. ನೋಡಿ, ಮತ್ತೆ ಹಳದಿಯಾಯಿತು. ಸುಣ್ಣ ಹಾಕಿದರೆ ಮತ್ತೆ ಕೆಂಪಾಗುತ್ತದೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಅಣು ಸುಣ್ಣದ ಜೊತೆ ಸೇರಿದಾಗ ಹೈಡ್ರೋಜನ್ ಬಿಟ್ಟುಕೊಡುತ್ತದೆ, ಹುಳಿ ಸಿಕ್ಕಿದಾಗ ವಾಪಸ್ ತೆಗೆದುಕೊಳ್ಳುತ್ತದೆ. ಅಣುವೇ ಬದಲಾಗುವುದರಿಂದ ಬಣ್ಣ ಬದಲಾಗುತ್ತದೆ. ಇದು ನಮ್ಮ ಅಜ್ಜಿಯಂದಿರಿಗೂ ಗೊತ್ತಿದ್ದ ರಸಾಯನಶಾಸ್ತ್ರ.

ಚಿನ್ನದ ನೀರಿಗೆ ಚಿಟಿಕೆ ಅಡುಗೆ ಉಪ್ಪು ಹಾಕುತ್ತೇನೆ. ಪೂರ್ತಿ ಲೋಟಕ್ಕಲ್ಲ, ಈ ಚಿಕ್ಕ ಬಾಟಲಿಗೆ ಸ್ವಲ್ಪ ಬಗ್ಗಿಸಿಕೊಂಡು. ಕೆಂಪು ಹೋಯಿತು. ನೇರಳೆ ಬಂತು, ಇನ್ನು ಸ್ವಲ್ಪ ಹೊತ್ತಿಗೆ ನೀಲಿ. ಚಿನ್ನ ಏನೂ ಆಗಿಲ್ಲ, ಚಿನ್ನವಾಗಿಯೇ ಇದೆ. ಉಪ್ಪಿನ ಜೊತೆ ಅದು ಸೇರಿಕೊಂಡಿಲ್ಲ. ಹಾಗಾದರೆ ಬಣ್ಣ ಬದಲಾಗಿದ್ದು ಯಾಕೆ?

ಈ ನೀರಿನಲ್ಲಿ ಚಿನ್ನ ಚೂರುಚೂರಾಗಿ ತೇಲುತ್ತಿದೆ. ಒಂದೊಂದು ಚೂರೂ ಸುಮಾರು 20 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೋಮೀಟರ್. ನಮ್ಮ ತಲೆಕೂದಲಿನ ದಪ್ಪವೇ ಎಂಬತ್ತು ಸಾವಿರ ನ್ಯಾನೋಮೀಟರಿನ ಆಸುಪಾಸು. ಅಷ್ಟು ಸಣ್ಣ ಚೂರಿನಲ್ಲೂ ಎರಡೂವರೆ ಲಕ್ಷದಷ್ಟು ಚಿನ್ನದ ಪರಮಾಣುಗಳಿವೆ. ಆ ಚೂರಿನ ಒಳಗೆ ಎಲೆಕ್ಟ್ರಾನುಗಳು ಬಿಡುಬೀಸಾಗಿ ಓಡಾಡುತ್ತವೆ. ಬೆಳಕು ತಾಗಿದಾಗ ಅವೆಲ್ಲ ಒಟ್ಟಿಗೆ ಆ ಕಡೆ ಈ ಕಡೆ ತುಳುಕುತ್ತವೆ, ಸೊಂಟದ ಮೇಲಿನ ಬಿಂದಿಗೆಯಲ್ಲಿ ನೀರು ತುಳುಕಿದ ಹಾಗೆ. ಬಿಂದಿಗೆಯ ಅಳತೆಗೆ ತಕ್ಕ ಹಾಗೆ ತುಳುಕಿಗೊಂದು ಲಯ ಇರುತ್ತದೆ, ಅಲ್ವಾ? ಹೆಜ್ಜೆ ಆ ಲಯಕ್ಕೆ ಕೂಡಿಬಂದರೆ ನೀರು ಸೀರೆಯ ಮೇಲೆ ಬೀಳುತ್ತದೆ. 20 ನ್ಯಾನೋಮೀಟರಿನ ಚಿನ್ನದ ಲಯಕ್ಕೆ ಕೂಡಿಬರುವುದು ಹಸಿರು ಬೆಳಕು, 520 ನ್ಯಾನೋಮೀಟರ್ ಅಲೆಯುದ್ದದ್ದು. ಚಿನ್ನ ಹಸಿರನ್ನು ನುಂಗುತ್ತದೆ, ಉಳಿದದ್ದು ನಮ್ಮ ಕಣ್ಣಿಗೆ ಕೆಂಪು. ಉಪ್ಪು ಹಾಕಿದಾಗ ಏನಾಯಿತು? ಚೂರುಗಳ ಮೈಮೇಲೆ ಋಣ ವಿದ್ಯುತ್ತಿತ್ತು, ಅದರಿಂದ ಒಂದನ್ನೊಂದು ದೂರ ತಳ್ಳುತ್ತಿದ್ದವು. ಉಪ್ಪು ಆ ತಳ್ಳಾಟ ತಗ್ಗಿಸಿತು. ಚೂರುಗಳು ಒಂದಕ್ಕೊಂದು ಅಂಟಿಕೊಂಡವು. ಬಿಂದಿಗೆಗಳು ಸೇರಿ ಹಂಡೆಯಾಯಿತು, ಲಯ ಬದಲಾಯಿತು.

ಇದೇನು ಹೊಸ ವಿದ್ಯೆಯಲ್ಲ. ಮೈಕೆಲ್ ಫ್ಯಾರಡೆ 1857ರಲ್ಲಿ ಲಂಡನ್ನಿನಲ್ಲಿ ಇದರ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. ಅವರು ಮಾಡಿಟ್ಟ ಕೆಂಪು ಚಿನ್ನದ ನೀರು ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ಇವತ್ತಿಗೂ ಇದೆ. ನೀವೂ ನೋಡಿದ್ದೀರಿ, ಗೊತ್ತಾಗಿಲ್ಲ ಅಷ್ಟೇ. ಕೋವಿಡ್ ಕಾಲದಲ್ಲಿ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದ ಟೆಸ್ಟ್ ಕಿಟ್ಟಿನಲ್ಲಿ ಒಂದು ಕೆಂಪು ಗೆರೆ ಬಂದರೆ ಸಮಾಧಾನ, ಎರಡು ಬಂದರೆ ಎದೆ ಧಸಕ್. ಅಂಥ ಬಹಳಷ್ಟು ಕಿಟ್ಟುಗಳಲ್ಲಿ ಆ ಗೆರೆಯ ಕೆಂಪು ಈ ಚಿನ್ನದ್ದೇ. ಎಷ್ಟು ಜನ ಚಿನ್ನವನ್ನು ಕಸದ ಬುಟ್ಟಿಗೆ ಹಾಕಿದ್ದೀರಿ ಲೆಕ್ಕ ಹಾಕಿ.

ಇದನ್ನೆಲ್ಲ ಮೊದಲು ತೋರಿಸಿದ್ದು ಸುಮ್ನೆ ಅಲ್ಲ. ಒಂದು ಪದಾರ್ಥ ಏನು ಎಂದು ಕೇಳಿದರೆ ನಾವು ಅದರಲ್ಲಿ ಏನೇನಿದೆ ಎಂದು ಹೇಳುತ್ತೇವೆ. ಪದಾರ್ಥಗಳ ರಸಾಯನಶಾಸ್ತ್ರಕ್ಕೆ ಅಷ್ಟು ಸಾಲದು. ಅದರಲ್ಲಿರುವುದು ಹೇಗೆ ಕೂತಿದೆ, ಎಷ್ಟು ದೊಡ್ಡದಾಗಿದೆ ಎಂದೂ ಅದು ಕೇಳುತ್ತದೆ. ರಾವ್ ಅವರು ಅರವತ್ತು ವರ್ಷಕ್ಕೂ ಜಾಸ್ತಿ ಕಾಲ ಇದೇ ಪ್ರಶ್ನೆಯನ್ನು ಬೇರೆಬೇರೆ ಪದಾರ್ಥಗಳಿಗೆ ಕೇಳಿದರು ಎನ್ನುವುದು ನನ್ನ ಓದು. ಅವರ ಪ್ರಬಂಧಗಳು ಸಾವಿರದ ಐನೂರು ದಾಟಿವೆ ಎಂದು ಎಲ್ಲ ಭಾಷಣದಲ್ಲೂ ಹೇಳುತ್ತಾರೆ. ನನಗೆ ಆ ಸಂಖ್ಯೆಯಿಂದ ಅಂಥ ರೋಮಾಂಚನ ಆಗುವುದಿಲ್ಲ.

ಅವರ ಬದುಕಿನ ವಿವರ ಬೇಗ ಮುಗಿಸುತ್ತೇನೆ, ಪಠ್ಯಪುಸ್ತಕದಲ್ಲಿ ಇದ್ದೇ ಇದೆ. 1934ರ ಜೂನ್ 30ರಂದು ಬೆಂಗಳೂರಿನಲ್ಲಿ ಹುಟ್ಟಿದರು. ತಂದೆ ಶಾಲಾ ಇನ್‌ಸ್ಪೆಕ್ಟರ್. ಬಸವನಗುಡಿಯ ಆಚಾರ್ಯ ಪಾಠಶಾಲೆಯಲ್ಲಿ ಓದುತ್ತಿದ್ದಾಗ ಸಿ.ವಿ. ರಾಮನ್ ಒಮ್ಮೆ ಶಾಲೆಗೆ ಬಂದಿದ್ದರು. ಸೆಂಟ್ರಲ್ ಕಾಲೇಜಿನಲ್ಲಿ ಬಿಎಸ್ಸಿ ಮುಗಿದಾಗ ವಯಸ್ಸು ಹದಿನೇಳು. ಆಮೇಲೆ ಬನಾರಸ್, ಅಮೆರಿಕದ ಪರ್ಡ್ಯೂ, ಬರ್ಕ್ಲಿ. 1959ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ನಾವೆಲ್ಲ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಕಡೆಗೆ, ತಿಂಗಳಿಗೆ 500 ರೂಪಾಯಿ ಸಂಬಳದ ಲೆಕ್ಚರರ್ ಆಗಿ ಬಂದರು. 1963ರಲ್ಲಿ ಕಾನ್ಪುರದ ಐಐಟಿ, 1976ರಲ್ಲಿ ಮತ್ತೆ ಬೆಂಗಳೂರು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರ 1989ರದ್ದು, ಅದು ಅವರೇ ಕಟ್ಟಿದ್ದು. ಭಾರತರತ್ನ 2014ರಲ್ಲಿ. ಅಲ್ಲಿಗೆ ಬಯೋಡೇಟಾ ಮುಗಿಯಿತು.

ಅಮೆರಿಕದಿಂದ ವಾಪಸ್ ಬಂದ ಕೆಲವೇ ವರ್ಷದಲ್ಲಿ ಅವರು ಎರಡು ಪುಸ್ತಕ ಬರೆದರು. 1961ರಲ್ಲಿ ಅತಿನೇರಳೆ ಮತ್ತು ಕಣ್ಣಿಗೆ ಕಾಣುವ ಬೆಳಕಿನ ಸ್ಪೆಕ್ಟ್ರೋಸ್ಕೋಪಿಯ ಬಗ್ಗೆ, 1963ರಲ್ಲಿ ಇನ್‌ಫ್ರಾರೆಡ್, ಅಂದರೆ ಕೆಂಪಿನಾಚೆಯ ಕಣ್ಣಿಗೆ ಕಾಣದ ಬೆಳಕಿನ ಸ್ಪೆಕ್ಟ್ರೋಸ್ಕೋಪಿಯ ಬಗ್ಗೆ. ಎರಡನೆಯದರ ಒಂದು ಹಳೆ ಪ್ರತಿಯನ್ನು, ಬೆನ್ನು ಕಿತ್ತುಹೋಗಿ ದಾರ ಹೊರಗೆ ಬಂದಿದ್ದನ್ನು, ನಾನು ಲೈಬ್ರರಿಯಿಂದ ತಂದು ವಾಪಸ್ ಕೊಡದೆ ದಂಡ ಕಟ್ಟಿದ್ದೇನೆ.

ಸ್ಪೆಕ್ಟ್ರೋಸ್ಕೋಪಿ ಎಂದರೆ ಏನು? ಕನ್ನಡ ಪುಸ್ತಕಗಳಲ್ಲಿ ರೋಹಿತದರ್ಶನ ಎಂದಿರುತ್ತದೆ. ಚೆಂದದ ಪದ, ಆದರೆ ಯಾರೂ ಆಡುವುದಿಲ್ಲ. ನಾನು ಬೇರೆ ಥರ ಹೇಳುತ್ತೇನೆ. ಅರಸೀಕೆರೆ ಸಂತೆಯಲ್ಲಿ ತೆಂಗಿನಕಾಯಿ ಆರಿಸುವವರನ್ನು ನೋಡಿ. ಒಂದು ಕಾಯಿಯಿಂದ ಇನ್ನೊಂದನ್ನು ತಟ್ಟುತ್ತಾರೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಡೆಯುವುದಿಲ್ಲ. ಶಬ್ದ ಕೇಳಿಯೇ ಬಲಿತಿದೆ, ಎಳಸು, ಒಳಗೆ ಕೆಟ್ಟಿದೆ ಎಂದು ಹೇಳುತ್ತಾರೆ. ಹಲಸಿನಹಣ್ಣಿಗೂ ಹಾಗೇ, ಮಡಕೆಗೂ ಹಾಗೇ. ಸ್ಪೆಕ್ಟ್ರೋಸ್ಕೋಪಿ ಎಂದರೆ ಬೆಳಕಿನಿಂದ ತಟ್ಟಿ ನೋಡುವುದು. ಅಣುವಿನೊಳಗೆ ಪರಮಾಣುಗಳು ಸ್ಪ್ರಿಂಗಿಗೆ ಕಟ್ಟಿದ ಗುಂಡಿನಂತೆ ಅಲುಗುತ್ತಿರುತ್ತವೆ. ಇನ್‌ಫ್ರಾರೆಡ್ ಬೆಳಕು ಹಾಯಿಸಿದರೆ, ತಮ್ಮ ಅಲುಗಾಟಕ್ಕೆ ಹೊಂದುವಷ್ಟನ್ನು ಮಾತ್ರ ಅವು ಹೀರಿಕೊಳ್ಳುತ್ತವೆ. ಎಲ್ಲಿ ಬೆಳಕು ಕಡಿಮೆಯಾಯಿತೋ ಅಲ್ಲಿ ಕಾಗದದ ಮೇಲೊಂದು ಗುರುತು ಬೀಳುತ್ತದೆ. ನಾವು ಅದಕ್ಕೆ ಪೀಕ್ ಎನ್ನುತ್ತೇವೆ.

ಪೀಕಿನ ಜಾಗ ಹೇಳುವುದಕ್ಕೆ ಒಂದು ಸಂಖ್ಯೆ ಇದೆ, ಒಂದು ಸೆಂಟಿಮೀಟರ್ ಉದ್ದದಲ್ಲಿ ಆ ಬೆಳಕಿನ ಎಷ್ಟು ಅಲೆ ಹಿಡಿಸುತ್ತವೆ ಎನ್ನುವ ಲೆಕ್ಕ. ಈ ಸಂಖ್ಯೆಗಳನ್ನು ನೋಡಿ ನಾನೊಮ್ಮೆ ಎಂಥ ಪೇಚಿಗೆ ಸಿಕ್ಕಿದೆ ಎಂದು ಹೇಳಲೇಬೇಕು.

ಸಂಶೋಧನೆ ಮಾಡುತ್ತಿದ್ದ ಕಾಲ. ಒಂದು ಹೊಸ ಆಕ್ಸೈಡ್ ಮಾಡಿದ್ದೆ. ಇನ್‌ಫ್ರಾರೆಡ್ ನೋಡಲು ಒಂದು ಮಿಲಿಗ್ರಾಂನಷ್ಟು ಪುಡಿಯನ್ನು ಪೊಟ್ಯಾಸಿಯಂ ಬ್ರೋಮೈಡ್ ಜೊತೆ ಅರೆದು, ಪ್ರೆಸ್ಸಿನಲ್ಲಿ ಒತ್ತಿ, ಗಾಜಿನಂಥ ಬಿಲ್ಲೆ ಮಾಡಬೇಕು. ಮಾಡಿದೆ. 3400ರ ಹತ್ತಿರ ದೊಡ್ಡ ಗುಡ್ಡದಂಥ ಪೀಕ್ ಬಂತು. ಆಮ್ಲಜನಕ ಮತ್ತು ಹೈಡ್ರೋಜನ್ ಸೇರಿದ ಕಡೆ ಬರುವ ಪೀಕ್ ಅದು. ನನ್ನ ಪದಾರ್ಥದೊಳಗೆ ಹೈಡ್ರೋಜನ್ ಕೂತಿದೆ, ಯಾರಿಗೂ ಗೊತ್ತಿರಲಿಲ್ಲ, ನಾನೇ ಮೊದಲು! ಎರಡು ವಾರ ಹನ್ನೊಂದು ಬಿಲ್ಲೆ ಮಾಡಿದೆ. ಪ್ರತಿ ಸಲವೂ ಗುಡ್ಡ. ಪ್ರಬಂಧದ ಮೊದಲ ಪುಟವನ್ನೂ ಬರೆದೆ. ನಮ್ಮ ಗೈಡು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಕಿಟಕಿಯಾಚೆಯೂ ನೋಡಿದರು. ಜುಲೈ ತಿಂಗಳು. "ಇದು ನಿನ್ನ ಕಾಂಪೌಂಡ್ ಅಲ್ಲ ಕಣಯ್ಯ" ಎಂದರು. "ಇದು ಮಳೆ."

ಪೊಟ್ಯಾಸಿಯಂ ಬ್ರೋಮೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಡಬ್ಬದ ಉಪ್ಪು ನೀರೊಡೆಯುವ ಹಾಗೆ. ಆ ಪುಡಿ ಒಣಗಿಸಿಡಲು ಇದ್ದ ಓವನ್ನು ಕೆಟ್ಟು ನಾಲ್ಕು ತಿಂಗಳಾಗಿತ್ತು. ರಿಪೇರಿಯ ಫೈಲು ಟೇಬಲ್ಲಿಂದ ಟೇಬಲ್ಲಿಗೆ ತಿರುಗುತ್ತಿತ್ತು. ನಾನು ಎರಡು ವಾರ ಮಳೆಯ ಮೇಲೆ ಸಂಶೋಧನೆ ಮಾಡಿದ್ದೆ.

ಮಳೆ ನಿಂತ ಮೇಲೆ ಒಂದು ದಿನ ಸಿಟ್ಟಿಗೋ ಕುತೂಹಲಕ್ಕೋ ಬಳಪವನ್ನು ಅರೆದು ಬಿಲ್ಲೆ ಮಾಡಿದೆ. ಸ್ಲೇಟಿನ ಮೇಲೆ ಬರೆಯುತ್ತಿದ್ದೆವಲ್ಲ, ಆ ಬಳಪ. ನಮ್ಮ ಜಿಲ್ಲೆಯವರಿಗೆ ಬಳಪದ ಕಲ್ಲಿನ ಬಗ್ಗೆ ಹೇಳಬೇಕಾಗಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ನಿಂತಿರುವುದು ಆ ಜಾತಿಯ ಕಲ್ಲಿನ ಗುಡಿಯಲ್ಲಿ. ಮದನಿಕೆಯರ ಕೈಬಳೆ, ಸರದ ಮಣಿ, ಬಳ್ಳಿಯ ಎಳೆ, ಅಷ್ಟು ನಯವಾಗಿ ಉಳಿ ಆಡಿದ್ದು ಕಲ್ಲು ಮೆತ್ತಗಿದ್ದುದರಿಂದ. ಆ ಮೆದುತನ ಟಾಲ್ಕ್ ಎಂಬ ಖನಿಜದ್ದು. ಗುಡಿಯ ಕಲ್ಲು ಬರೀ ಟಾಲ್ಕ್ ಅಲ್ಲ, ಕ್ಲೋರೈಟ್ ಥರದವೂ ಬೆರೆತಿವೆ. ಮಕ್ಕಳಿಗೆ ಹಾಕುವ ಪೌಡರಿನಲ್ಲಿ ಇದ್ದದ್ದೂ ಇದೇ ಟಾಲ್ಕ್.

ಬಳಪದ ಬಿಲ್ಲೆಯಲ್ಲಿ 3677ರ ಹತ್ತಿರ ಸೂಜಿಯಂಥ ಒಂದು ಪೀಕ್ ಬಂತು. ಗುಡ್ಡ ಅಲ್ಲ, ಸೂಜಿ. ಅದೂ ಆಮ್ಲಜನಕ ಮತ್ತು ಹೈಡ್ರೋಜನ್ ಜೋಡಿಯದ್ದೇ. ಮಳೆಯ ನೀರಿನಲ್ಲಿ ಆ ಜೋಡಿಗಳು ಸಂತೆಯ ಜನದ ಹಾಗೆ ಒಬ್ಬರ ಮೈಗೊಬ್ಬರು ತಾಗಿಕೊಂಡು, ಒಂದೊಂದೂ ಒಂದೊಂದು ರೀತಿ ಅಲುಗುತ್ತವೆ. ಪೀಕ್ ಅಗಲವಾಗುತ್ತದೆ. ಟಾಲ್ಕಿನೊಳಗೆ ಎಲ್ಲ ಜೋಡಿಗಳೂ ಒಂದೇ ಥರದ ಗೂಡಿನಲ್ಲಿ ಕೂತಿವೆ. ಎಲ್ಲವೂ ಒಂದೇ ಶ್ರುತಿಯಲ್ಲಿ ಹಾಡುತ್ತವೆ. ಏನಿದೆ ಎನ್ನುವುದನ್ನು ಪೀಕಿನ ಜಾಗ ಹೇಳಿತು, ಹೇಗೆ ಕೂತಿದೆ ಎನ್ನುವುದನ್ನು ಅದರ ಆಕಾರ ಹೇಳಿತು. ರಾವ್ ಅವರ ಪುಸ್ತಕ ನನಗೆ ನಿಜವಾಗಿ ಅರ್ಥವಾಗಿದ್ದು ಆವತ್ತು.

ಈ ಜೋಡಿಯ ಗುರುತು ಹಿಡಿದೇ ಚಂದ್ರನ ಮೇಲೆ ನೀರಿನ ಸುಳಿವು ಸಿಕ್ಕಿದ್ದು. 2008ರ ಅಕ್ಟೋಬರಿನಲ್ಲಿ ಹೊರಟ ಚಂದ್ರಯಾನ-1ರಲ್ಲಿ ನಾಸಾದವರದ್ದೊಂದು ಉಪಕರಣ ಇತ್ತು. ಚಂದ್ರನ ನೆಲದಿಂದ ವಾಪಸ್ ಬರುವ ಬಿಸಿಲಿನಲ್ಲಿ ಇನ್‌ಫ್ರಾರೆಡ್ಡಿನ ಈ ಜಾಗದಲ್ಲಿ ಬೆಳಕು ಕಡಿಮೆ ಇರುವುದನ್ನು ಅದು ಹಿಡಿಯಿತು. ಸುದ್ದಿ ಹೊರಬಿದ್ದದ್ದು 2009ರ ಸೆಪ್ಟೆಂಬರಿನಲ್ಲಿ. ನಮ್ಮ ಹಾಸನದ ಎಂಸಿಎಫ್, ಅಂದರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ, ನೋಡಿಕೊಳ್ಳುವುದು ಭೂಮಿಯ ಜೊತೆಯಲ್ಲೇ ತಿರುಗುವ ಉಪಗ್ರಹಗಳನ್ನು, ಚಂದ್ರಯಾನವನ್ನು ನಡೆಸಿದ್ದು ಬೆಂಗಳೂರಿನ ಕೇಂದ್ರ. ಇದನ್ನು ಹೇಳದಿದ್ದರೆ ಎಂಸಿಎಫ್‌ನಿಂದ ಬಂದು ಮುಂದೆ ಕೂತಿರುವವರು ನನ್ನನ್ನು ಸುಮ್ಮನೆ ಬಿಡುವುದಿಲ್ಲ.

ಇವತ್ತಿನ ದಿನದ ಲೆಕ್ಕಕ್ಕೆ ರಾಮನ್ ಅವರ ಬಗ್ಗೆಯೂ ಹೇಳಬೇಕು. 1928ರ ಫೆಬ್ರವರಿ 28. ಬೆಳಕು ಅಣುವಿಗೆ ತಾಗಿ ಚದುರುವಾಗ ಬಹುಪಾಲು ಬಂದ ಬಣ್ಣದಲ್ಲೇ ವಾಪಸ್ ಹೋಗುತ್ತದೆ. ಕೋಟಿಗೆ ಒಂದು ಬೆಳಕಿನ ಕಣ ಮಾತ್ರ ಅಣುವಿನ ಅಲುಗಾಟಕ್ಕೆ ಸ್ವಲ್ಪ ಶಕ್ತಿ ಕೊಟ್ಟೋ ಅದರಿಂದ ಪಡೆದೋ ಬಣ್ಣ ಬದಲಿಸಿಕೊಂಡು ಹೋಗುತ್ತದೆ. ಆ ಕೋಟಿಗೊಂದನ್ನು ಲೇಸರ್ ಇಲ್ಲದ ಕಾಲದಲ್ಲಿ ಹಿಡಿದರು. ಅದರ ಉಪಯೋಗ ಮುಂದೆ ಬರುತ್ತದೆ, ನೆನಪಿಡಿ.

ಈಗ ರಾವ್ ಅವರ ದೊಡ್ಡ ಕೆಲಸಕ್ಕೆ ಬರೋಣ. ಸ್ಪೆಕ್ಟ್ರೋಸ್ಕೋಪಿಯಲ್ಲಿ ಹೆಸರು ಮಾಡಿದವರು ಅಲ್ಲೇ ಉಳಿಯಬಹುದಿತ್ತು. ಉಳಿಯಲಿಲ್ಲ. ಆಕ್ಸೈಡುಗಳ ಕಡೆ ಹೋದರು. ಲೋಹಗಳು ಆಮ್ಲಜನಕದ ಜೊತೆ ಸೇರಿದ ಕಲ್ಲಿನಂಥ, ಮಣ್ಣಿನಂಥ ಪುಡಿಗಳು. ಅದರಲ್ಲೇನು ಸ್ವಾರಸ್ಯ ಎಂದು ಕೇಳಬಹುದು. ಒಂದೇ ಉದಾಹರಣೆ ಸಾಕು. ವನೇಡಿಯಂ ಡೈಆಕ್ಸೈಡ್ 68 ಡಿಗ್ರಿಗಿಂತ ಕೆಳಗೆ ಕರೆಂಟನ್ನು ಅಷ್ಟಾಗಿ ಹರಿಯಬಿಡುವುದಿಲ್ಲ. ಅದಕ್ಕಿಂತ ಮೇಲೆ ಹೋದರೆ ಲೋಹದ ಹಾಗೆ ಹರಿಯಬಿಡುತ್ತದೆ. ಬಿಸಿ ಕಾಫಿಯ ಲೋಟದ ಶಾಖಕ್ಕೆ ಅದರ ಜಾತಿಯೇ ಬದಲು! ಒಳಗೆ ಪರಮಾಣುಗಳು ಒಂಚೂರು ಸರಿದು ಕೂರುತ್ತವೆ, ಅಷ್ಟೇ.

1970ರ ದಶಕದಲ್ಲೇ ರಾವ್ ಮತ್ತು ಅವರ ಜೊತೆ ಕೆಲಸ ಮಾಡುತ್ತಿದ್ದ ಗಂಗೂಲಿ ಲ್ಯಾಂಥನಂ ಮತ್ತು ತಾಮ್ರದ ಒಂದು ಆಕ್ಸೈಡಿನ ಮೇಲೆ ಕೆಲಸ ಮಾಡಿದ್ದರು. 1986ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಅದೇ ಬಗೆಯ ಆಕ್ಸೈಡಿಗೆ ಬೇರಿಯಂ ಸೇರಿಸಿದರು. ಅದು ಸೂಪರ್‌ಕಂಡಕ್ಟರ್ ಆಯಿತು. ಅಂದರೆ ಒಂದು ಮಟ್ಟಕ್ಕಿಂತ ತಣ್ಣಗೆ ಮಾಡಿದರೆ ಕರೆಂಟಿಗೆ ಯಾವ ತಡೆಯೂ ಇಲ್ಲ. ಮರುವರ್ಷವೇ ಅವರಿಗೆ ನೊಬೆಲ್ ಬಂತು. ಚಿಟಿಕೆ ಬೇರಿಯಂ ಕಾನ್ಪುರದಲ್ಲೇ ಬಿದ್ದಿದ್ದರೆ ಎಂದು ನಾನು ಎಷ್ಟೋ ಸಲ ಹೊಟ್ಟೆ ಉರಿದುಕೊಂಡಿದ್ದೇನೆ. ಆ ಉರಿಗೆ ಅರ್ಥವಿಲ್ಲ. ಏನನ್ನು ಹುಡುಕುತ್ತಿದ್ದೇವೆ ಎನ್ನುವುದೂ ಮುಖ್ಯ, ಅವರು ಆಗ ಹುಡುಕುತ್ತಿದ್ದುದು ಬೇರೆ.

1987ರ ಶುರುವಿನಲ್ಲಿ ಅಮೆರಿಕದಿಂದ ಇನ್ನೂ ದೊಡ್ಡ ಸುದ್ದಿ. ಇಟ್ರಿಯಂ, ಬೇರಿಯಂ, ತಾಮ್ರದ ಆಕ್ಸೈಡ್ ಸುಮಾರು ಮೈನಸ್ 180 ಡಿಗ್ರಿಯಲ್ಲೇ ಸೂಪರ್‌ಕಂಡಕ್ಟರ್. ಮೈನಸ್ 180 ಅಷ್ಟು ದೊಡ್ಡ ವಿಷಯವೇ ಎನ್ನಬಹುದು. ದ್ರವ ಸಾರಜನಕ ಮೈನಸ್ 196 ಡಿಗ್ರಿ. ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳನ್ನು ಇಡುವ ಕ್ಯಾನ್ ಇದೆಯಲ್ಲ, ಮುಚ್ಚಳ ತೆಗೆದರೆ ಬಿಳಿ ಹೊಗೆ ಬರುವುದು, ಅದರಲ್ಲಿರುವುದು ಅದೇ ದ್ರವ. ಅಲ್ಲಿಯವರೆಗಿನ ಸೂಪರ್‌ಕಂಡಕ್ಟರುಗಳಿಗೆ ಮೈನಸ್ 269ರ ದುಬಾರಿ ಹೀಲಿಯಂ ಬೇಕಾಗಿತ್ತು. ಈಗ ಹಸುವಿನ ಡಾಕ್ಟರ ಕ್ಯಾನ್ ಸಾಕು.

ಮೊದಲು ಮಾಡಿದ ಮಾದರಿಗಳು ಕಲಬೆರಕೆಯಾಗಿದ್ದವು. ಹಸಿರು ಕಾಳು, ಕಪ್ಪು ಕಾಳು ಎರಡೂ. ಸೂಪರ್‌ಕಂಡಕ್ಟರ್ ಯಾವುದು? ಬೆಂಗಳೂರಿನಲ್ಲಿ ರಾವ್ ಅವರ ತಂಡ ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಕೂತು, ಬೇರೆಯವರನ್ನು ಕಾಯದೆ, ತಾನೇ ಲೆಕ್ಕ ಹಾಕಿ ಉತ್ತರ ಹೇಳಿತು. ಕಪ್ಪೇ. ಅದರಲ್ಲಿ ಒಂದು ಇಟ್ರಿಯಂಗೆ ಎರಡು ಬೇರಿಯಂ, ಮೂರು ತಾಮ್ರ. ಆ ಪ್ರಬಂಧ 1987ರಲ್ಲೇ ನೇಚರ್ ಪತ್ರಿಕೆಯಲ್ಲಿ ಬಂತು. ಆಕ್ಸೈಡುಗಳ ಜೊತೆ ಅಷ್ಟು ವರ್ಷ ಒಡನಾಡಿದ ಕೈಗಳಿಗೆ ಅದು ವಾರಗಳ ಕೆಲಸ.

ಇದರಲ್ಲಿ ನನಗೆ ಅತಿ ಇಷ್ಟದ ಸಂಗತಿ ಆಮ್ಲಜನಕದ್ದು. ಮೂರು ತಾಮ್ರಕ್ಕೆ ಏಳು ಆಮ್ಲಜನಕ ಇದ್ದರೆ ಸೂಪರ್‌ಕಂಡಕ್ಟರ್. ಆರಕ್ಕೆ ಇಳಿದರೆ ಸಾಧಾರಣ ಕರೆಂಟೂ ಸರಿಯಾಗಿ ಹರಿಯುವುದಿಲ್ಲ. ಒಲೆಯಲ್ಲಿ ಒಂಬೈನೂರು ಡಿಗ್ರಿ ದಾಟಿ ಬೇಯಿಸಿದ ಮೇಲೆ ಆಮ್ಲಜನಕ ಹರಿಸುತ್ತ ನಿಧಾನ ಆರಿಸಬೇಕು. ಅವಸರ ಮಾಡಿದರೆ ಕೆಟ್ಟಿತು. ನೋಡಲು ಎರಡೂ ಕಪ್ಪು ಬಿಲ್ಲೆಗಳೇ.

ಅಲ್ಲಿಂದ ನ್ಯಾನೋಗೆ ಬಂದಾಗ ಅವರಿಗೆ ಅರವತ್ತರ ಆಸುಪಾಸು. ನಮ್ಮಲ್ಲಿ ಬಹಳ ಜನ ಪಿಂಚಣಿ ಕಾಗದಪತ್ರ ಜೋಡಿಸಿಕೊಳ್ಳುವ ವಯಸ್ಸು. ಸಣ್ಣದು ಮಾಡಿದರೆ ಏನು ಸಿಗುತ್ತದೆ ಎನ್ನುವುದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಒಂದು ಸೆಂಟಿಮೀಟರಿನ ಸಕ್ಕರೆ ಅಚ್ಚಿನಂಥ ತುಂಡು ತೆಗೆದುಕೊಳ್ಳಿ. ಆರು ಮುಖ, ಒಟ್ಟು 6 ಚದರ ಸೆಂಟಿಮೀಟರ್ ಮೈ. ಅದನ್ನೇ ಒಂದೊಂದು ನ್ಯಾನೋಮೀಟರಿನ ತುಂಡುಗಳಾಗಿ ಕತ್ತರಿಸಿದರೆ ಒಟ್ಟು ಮೈ 6000 ಚದರ ಮೀಟರ್. ಅಂದರೆ ಒಂದೂವರೆ ಎಕರೆ. ಅಂಗೈಯಲ್ಲಿದ್ದ ತುಂಡೊಂದು ಒಂದೂವರೆ ಎಕರೆ ಹೊಲವಾಯಿತು. ರಾಸಾಯನಿಕ ಕ್ರಿಯೆ ನಡೆಯುವುದು ಮೈಯ ಮೇಲೆ, ಆದ್ದರಿಂದ ಹೊಲ ದೊಡ್ಡದಾದಷ್ಟೂ ಬೆಳೆ.

ಅವರ ತಂಡದ ನ್ಯಾನೋ ಕೆಲಸದಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಒಂದು, 2003ರಲ್ಲಿ ಬಂದದ್ದು. ನೀರಿನ ಮೇಲೆ ಟಾಲುವಿನ್ ಎಂಬ ದ್ರವ ಸುರಿದರೆ ಎಣ್ಣೆಯ ಹಾಗೆ ಬೇರೆಯಾಗಿ ನಿಲ್ಲುತ್ತದೆ. ಮೇಲಿನದರಲ್ಲಿ ಚಿನ್ನದ ಸಂಯುಕ್ತ, ಕೆಳಗಿನ ನೀರಿನಲ್ಲಿ ಅದನ್ನು ಚಿನ್ನವಾಗಿಸುವ ಪದಾರ್ಥ. ಎರಡೂ ಭೇಟಿಯಾಗುವುದು ಗಡಿಯಲ್ಲಿ ಮಾತ್ರ. ಅಲ್ಲಿ ಕಾಯಿಸಿದ ಹಾಲಿನ ಕೆನೆಯ ಹಾಗೆ ನ್ಯಾನೋ ಚಿನ್ನದ ತೆಳುಪದರ ಕಟ್ಟುತ್ತದೆ. ಕೋಟಿಗಟ್ಟಲೆಯ ಯಂತ್ರ ಬೇಡ, ಒಂದು ಬೀಕರ್ ಸಾಕು. ಇಂಥ ಪ್ರಯೋಗ ಓದಿದಾಗ ನನ್ನಂಥ ಸಣ್ಣ ಊರಿನ ಮೇಷ್ಟರಿಗೆ ಆಗುವ ಖುಷಿಯೇ ಬೇರೆ.

ಇನ್ನೊಂದು ಗ್ರಾಫೀನ್. 2004ರಲ್ಲಿ ಮ್ಯಾಂಚೆಸ್ಟರಿನಲ್ಲಿ ಗೈಮ್ ಮತ್ತು ನೊವೊಸೆಲೊವ್ ಸೆಲ್ಲೋಟೇಪ್ ಅಂಟಿಸಿ ಕಿತ್ತು, ಅಂಟಿಸಿ ಕಿತ್ತು, ಗ್ರಾಫೈಟಿನಿಂದ ಒಂದೇ ಒಂದು ಪದರ ಬಿಡಿಸಿದರು, ಅದೇ ಗ್ರಾಫೀನ್. ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ಎಂದರೆ ಇಂಗಾಲದ ಹಾಳೆಗಳ ಕಟ್ಟು. ಹಾಳೆಯಿಂದ ಹಾಳೆಗೆ 0.34 ನ್ಯಾನೋಮೀಟರ್. ಬಳಪವೂ ಅಂಥದ್ದೇ ಕಟ್ಟು, ಅದರ ಹಾಳೆ 0.94 ನ್ಯಾನೋಮೀಟರ್. ಹಾಳೆಯ ಒಳಗೆ ಗಟ್ಟಿ ಹಿಡಿತ, ಹಾಳೆಗಳ ನಡುವೆ ಹೆಸರಿಗೆ ಮಾತ್ರ ಸಂಬಂಧ. ಅದಕ್ಕೇ ಸ್ಲೇಟಿಗೆ ಉಜ್ಜಿದರೆ ಜಾರಿ ಅಂಟಿಕೊಳ್ಳುತ್ತದೆ. ನಾವು ಅ ಆ ಇ ಈ ತಿದ್ದುವಾಗ ನ್ಯಾನೋ ಹಾಳೆಗಳನ್ನು ಬಿಡಿಸುತ್ತಿದ್ದೆವು, ಟೇಪಿನ ಖರ್ಚೂ ಇಲ್ಲದೆ.

ಗ್ರಾಫೀನಿನ ಹಾಳೆಯಲ್ಲಿ ಅಲ್ಲೊಂದು ಇಲ್ಲೊಂದು ಇಂಗಾಲ ತೆಗೆದು ಸಾರಜನಕ ಕೂರಿಸಿದರೆ ಎಲೆಕ್ಟ್ರಾನ್ ಜಾಸ್ತಿಯಾಗುತ್ತದೆ. ಬೋರಾನ್ ಕೂರಿಸಿದರೆ ಕಡಿಮೆ. ರಾವ್ ಅವರ ತಂಡ 2009ರಲ್ಲಿ ಎರಡನ್ನೂ ಮಾಡಿತು. ಕೂತಿದೆ ಎಂದು ಗೊತ್ತಾಗುವುದು ಹೇಗೆ? ಇಲ್ಲಿ ರಾಮನ್ ಬರುತ್ತಾರೆ. ಗ್ರಾಫೀನಿಗೆ ಲೇಸರ್ ತಾಗಿಸಿ ಆ ಕೋಟಿಗೊಂದು ಕಣ ಹಿಡಿದರೆ 1580ರ ಹತ್ತಿರ ಒಂದು ಪೀಕ್, 2700ರ ಹತ್ತಿರ ಇನ್ನೊಂದು. ಬೇರೆ ಪರಮಾಣು ಕೂತರೆ ಮೊದಲನೆಯದು ಜಾಗದಿಂದ ಸ್ವಲ್ಪ ಸರಿಯುತ್ತದೆ. ಹಾಳೆ ಒಂದೋ ಹತ್ತೋ ಎನ್ನುವುದನ್ನು ಎರಡನೆಯದರ ಆಕಾರ ಹೇಳುತ್ತದೆ. ಬಸವನಗುಡಿಯ ಶಾಲೆಗೆ ಬಂದು ಹೋದವರ ಬೆಳಕನ್ನೇ ಆ ಹುಡುಗ ಎಪ್ಪತ್ತೈದರ ವಯಸ್ಸಿನಲ್ಲಿ ಬಳಸುತ್ತಿದ್ದ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಮೊದಲನೆಯದು ಜೋಳ ಬೆಳೆಯುವ ಒಬ್ಬ ಯಜಮಾನರದ್ದು. "ಸಾರ್, ನ್ಯಾನೋ ಯೂರಿಯಾ ತಗೊಳ್ಳಿ ಅಂತಾರೆ. ಒಂದು ಬಾಟ್ಲಿ ಒಂದು ಮೂಟೆಗೆ ಸಮವಂತೆ. ನಿಜವಾ?" ನಾನು ಕೃಷಿ ಪಂಡಿತನಲ್ಲ, ಲೆಕ್ಕ ಮಾತ್ರ ಹೇಳುತ್ತೇನೆ ಎಂದೆ. ಮೊದಲು ಬಂದ ಅರ್ಧ ಲೀಟರ್ ಬಾಟಲಿಯಲ್ಲಿ ಸಾರಜನಕ ನೂರಕ್ಕೆ 4, ಅಂದರೆ 20 ಗ್ರಾಂ. 45 ಕಿಲೋ ಮೂಟೆಯಲ್ಲಿ ನೂರಕ್ಕೆ 46, ಅಂದರೆ 20 ಕಿಲೋಗೂ ಜಾಸ್ತಿ. ಸಾವಿರ ಪಟ್ಟು. ಮೂಟೆಯದ್ದು ಬಹಳಷ್ಟು ಗಾಳಿಗೆ, ನೀರಿಗೆ ಹೋಗುತ್ತದೆ, ಒಪ್ಪಿದೆ. ಅರ್ಧಕ್ಕಿಂತ ಜಾಸ್ತಿ ಹೋದರೂ ಕಿಲೋಗಟ್ಟಲೆ ಉಳಿಯುತ್ತದಲ್ಲ. ಸಣ್ಣದು ಮಾಡಿದರೆ ಮೈ ಹೆಚ್ಚುತ್ತದೆ, ಬಣ್ಣ ಬದಲಾಗುತ್ತದೆ, ಪರಮಾಣುವಿನ ಸಂಖ್ಯೆ ಹೆಚ್ಚುವುದಿಲ್ಲ. ಒಂದು ಸಾಲಿಗೆ ಹಾಕಿ, ಒಂದು ಸಾಲಿಗೆ ಬಿಟ್ಟು, ನೀವೇ ತೂಗಿ ನೋಡಿ ಎಂದೆ. ಯಜಮಾನರು ನಕ್ಕರು. "ಹೋದ ವರ್ಷ ಅದನ್ನೇ ಮಾಡ್ದೆ ಸಾರ್. ನೀವೇನಂತೀರಿ ನೋಡಾಣ ಅಂತ ಕೇಳ್ದೆ."

ಪಿಯುಸಿ ಹುಡುಗಿಯೊಬ್ಬಳು ಈ ಲೋಟದಲ್ಲಿ ಎಷ್ಟು ಚಿನ್ನ ಇದೆ, ವಾಪಸ್ ತೆಗೆಯಬಹುದಾ ಎಂದಳು. ನೂರು ಮಿಲಿಲೀಟರಿನಲ್ಲಿ ಸುಮಾರು 5 ಮಿಲಿಗ್ರಾಂ. ಇನ್ನೂರು ಲೋಟ ಸೇರಿದರೆ ಒಂದು ಗ್ರಾಂ. ತೆಗೆಯಬಹುದು, ನೀಲಿಯಾದದ್ದನ್ನು ಹಾಗೇ ಬಿಟ್ಟರೆ ತಳಕ್ಕೆ ಕೂರುತ್ತದೆ, ಕೂಡಿಟ್ಟು ಕರಗಿಸಿ ಮತ್ತೆ ಶುರು ಮಾಡಬಹುದು. ಮಾಡುವುದು ಹೇಗೆ ಎಂದು ಕೇಳಿದಳು. ಚಿನ್ನದ ಕ್ಲೋರೈಡ್ ನೀರನ್ನು ಕುದಿಸಿ ಸೋಡಿಯಂ ಸಿಟ್ರೇಟ್ ಹಾಕಬೇಕು, ನಿಂಬೆಯ ಹುಳಿಯಿಂದ ಬರುವ ಒಂದು ಉಪ್ಪು ಅದು. ತೆಳು ಹಳದಿ ಮಾಯವಾಗುತ್ತದೆ, ಕಪ್ಪು ನೀಲಿ ಬರುತ್ತದೆ, ಕೆಟ್ಟೇ ಹೋಯಿತು ಎಂದುಕೊಳ್ಳುವಷ್ಟರಲ್ಲಿ ದ್ರಾಕ್ಷಿರಸದ ಕೆಂಪು. ಪಾತ್ರೆ ಚೊಕ್ಕಟ ಇರಬೇಕು, ಬೋರ್‌ವೆಲ್ ನೀರು ಖಂಡಿತ ಕೂಡದು. ಅದರಲ್ಲಿರುವ ಲವಣವೇ ಸಾಕು ಕೆಂಪನ್ನು ಕೆಡಿಸಲು.

ಎಲ್ಲರೂ ಕಾಫಿಗೆ ಹೋದರು. ನಾನು ವೈರು ಸುತ್ತುತ್ತಿದ್ದೆ. ಸಭಾಂಗಣ ನೋಡಿಕೊಳ್ಳುವವರು ಬಂದು ಓಕುಳಿ ನೀರಿನ ಲೋಟ ಎತ್ತಿಕೊಂಡರು. ಮೆಟ್ಟಿಲ ಹತ್ತಿರ ಹೋಗಿ ಎರಡೂ ಪಕ್ಕಕ್ಕೆ ಅರ್ಧರ್ಧ ಚೆಲ್ಲಿದರು, ಆರತಿ ಎತ್ತಿದ ಮೇಲೆ ಚೆಲ್ಲುವ ಹಾಗೇ. ವಾಪಸ್ ಬಂದು ಇನ್ನೊಂದು ಲೋಟದ ಮುಂದೆ ನಿಂತರು. ಮುಟ್ಟಲಿಲ್ಲ.

"ಇದನ್ನ ಎಲ್ಲಿ ಚೆಲ್ಲಲಿ ಸಾರ್?"

"ಚೆಲ್ಲಬೇಡಿ ಅಣ್ಣ, ಆ ಕಂದು ಬಾಟಲಿಗೆ ಹಾಕಿ" ಎಂದೆ. ಅವರು ಒಂದು ಹನಿಯೂ ಹೊರಗೆ ಬೀಳದ ಹಾಗೆ ಬಗ್ಗಿಸಿದರು. ಆಮೇಲೆ ಖಾಲಿ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗೆ ಏನಾದರೂ ಅಂಟಿಕೊಂಡಿದೆಯಾ ಎಂದು ತಿರುಗಿಸಿ ತಿರುಗಿಸಿ ನೋಡಿದರು.